ಸದರಿ ಆನೆಯೂ ಬಿಕ್ಕಲ ಕವಿಯೂ

“ತೀರಿಹೋದ ಮಡದಿಯ ನೆನಪಿನಲ್ಲಿ ಈ ಕಲ್ಲಿನ ಮೇಲೆ ಕುಳಿತು ಬಿಕ್ಕಿ ಬಿಕ್ಕಿ ಅತ್ತು, ಆ ಅಳುವನ್ನೇ ಹಾಡಾಗಿಸಿ, ‘ಬಿಕ್ಕಲಂ’ ಎಂಬ ಅಂಕಿತದಿಂದ ಅಮರನಾದ ನಮ್ಮೂರ ಕವಿಯ ಸ್ಮರಣೆಗೆ ಈ ಚೌಕ.”

ಚಾಮರಾಜನಗರದ ಹಳೆಯ ಪೇಟೆಯಲ್ಲಿ ನಾಲ್ಕು ಬೀದಿಗಳು ಕೂಡುವ ಕಡೆ ಒಂದು ಸಣ್ಣ ಚೌಕವಿದೆ. ಎರಡು ಎತ್ತಿನಗಾಡಿ ಎದುರುಬದುರಾದರೆ ಒಂದು ಹಿಂದಕ್ಕೆ ಸರಿಯಬೇಕಾಗುತ್ತಿದ್ದಷ್ಟು ಸಣ್ಣದು. ಅದರ ಗೋಡೆಯ ಮೇಲೆ, ಕರಿಕಲ್ಲಿನಲ್ಲಿ, ಚಿನ್ನದ ಬಣ್ಣ ತುಂಬಿದ ಅಕ್ಷರಗಳಲ್ಲಿ ಈ ಮಾತನ್ನು ಕೆತ್ತಿಸಿದ್ದಾರೆ. ಶಾಲೆಯ ಮಕ್ಕಳನ್ನು ಸಾಲಾಗಿ ಕರೆತಂದು ಓದಿಸುತ್ತಾರೆ. ಹೊರಗಿನಿಂದ ಬಂದವರು ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಆ ಫಲಕದಲ್ಲಿ ಕಲ್ಲೊಂದು ನಿಜ. ಹೆಂಡತಿ ಸತ್ತದ್ದೂ ನಿಜ. ಆದರೆ ಆಕೆ ಯಾವ ಕವಿಯ ಹೆಂಡತಿಯೂ ಅಲ್ಲ. ಮಿಕ್ಕದ್ದೆಲ್ಲ ಸುಳ್ಳು.

ಆ ಸುಳ್ಳನ್ನು ನಾನು ಮೂರು ವರ್ಷ ಸಹಿಸಿದೆ. ಈಗ ಕವಿ ಕೂತಿದ್ದನೆಂಬ ಆ ಕಲ್ಲನ್ನೇ ಕಿತ್ತು, ಅಲ್ಲಿ ಅಳುವ ಕವಿಯ ಪ್ರತಿಮೆ ನಿಲ್ಲಿಸುತ್ತಾರಂತೆ. ಆ ಕಲ್ಲಿನ ಮೇಲೆ ಕೂತು ಊರವರಿಗೆ ಅರ್ಜಿ ಬರೆದುಕೊಡುವ ಹೆಂಗಸೊಬ್ಬಳಿದ್ದಾಳೆ, ಅವಳು ಏಳಬೇಕಂತೆ. ಅವಳ ತಂದೆ ಅಲ್ಲೇ ಕೂತು ಬರೆದವನು. ಅವನ ಹೆಸರಿಗೆ ಇದ್ದ ಚೌಕವನ್ನು ಇಲ್ಲದ ಕವಿಗೆ ಕೊಟ್ಟರು. ಈಗ ಮಗಳ ಜಾಗವನ್ನೂ ಅದೇ ಕವಿಗೆ ಕೊಡುತ್ತಿದ್ದಾರೆ. ನಾನು ಬಾಯಿಬಿಡಲು ಇದು ಕಾರಣ.

ನಾನು ಕಾಲೇಜು ಮೆಟ್ಟಿಲು ಹತ್ತಿದವನಲ್ಲ. ಶಾಲೆಯನ್ನೂ ಸರಿಯಾಗಿ ನೋಡಿದವನಲ್ಲ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಉಮ್ಮತ್ತೂರಿನಿಂದ ಬಸ್ಸು ಹತ್ತಿ ಬಂದು, ಆ ಚೌಕದ ಮೂಲೆಯಲ್ಲಿ ಸೀಮೆಎಣ್ಣೆ ಸ್ಟೌ ರಿಪೇರಿಗೆ ಕೂತೆ. ಬರ್ನರಿಗೆ ಪಿನ್ನು ಹಾಕುವುದು, ಪಂಪಿನ ವಾಷರ್ ಬದಲಿಸುವುದು, ಸೋರುವ ಟ್ಯಾಂಕಿಗೆ ಬೆಸುಗೆ ಹಾಕುವುದು: ಇಷ್ಟೇ ನನ್ನ ವಿದ್ಯೆ. ನನ್ನ ಎದುರಿಗೆ, ಹತ್ತು ಹೆಜ್ಜೆ ದೂರದಲ್ಲಿ, ಮಂಡಿಯೆತ್ತರದ ಆ ಚಪ್ಪಡಿ. ಅದರ ಮೇಲೆ ಚಕ್ಕಳಮಕ್ಕಳ ಹಾಕಿ, ಮುಂದೆ ಇಳಿಜಾರು ಮುಚ್ಚಳದ ಮರದ ಪೆಟ್ಟಿಗೆ ಇಟ್ಟುಕೊಂಡು ಒಬ್ಬ ಮನುಷ್ಯ ಕೂತಿರುತ್ತಿದ್ದ. ಕ್ರಯಪತ್ರ, ಭೋಗ್ಯದ ಪತ್ರ, ವಿಭಾಗಪತ್ರ, ಅರ್ಜಿ, ತಕರಾರು, ಯಾವುದೇ ಆಗಲಿ ಬರೆದುಕೊಡುತ್ತಿದ್ದ. ಊರೆಲ್ಲ ಅವನನ್ನು ‘ರೈಟ್ರು’ ಎನ್ನುತ್ತಿತ್ತು. ಹಾಗಾಗಿ ಅದು ರೈಟ್ರು ಚೌಕ. ಬಸ್ಸಿನಿಂದ ಇಳಿದವರು ಜಟಕಾದವನಿಗೆ ಹೇಳುತ್ತಿದ್ದುದೂ ಅದನ್ನೇ.

ಅವನು ಬರೆಯುವ ಕ್ರಮವೇ ಬೇರೆ. ಬಂದವನನ್ನು ಕಲ್ಲಿನ ಅಂಚಿಗೆ ಕೂರಿಸಿಕೊಂಡು, ಪೆನ್ನಿನ ಟೋಪಿ ತೆಗೆಯದೆ ಪೂರ್ತಿ ಕೇಳುತ್ತಿದ್ದ. ಅತ್ತರೆ ಅಳಲು ಬಿಡುತ್ತಿದ್ದ. ಬೈದರೆ ಬೈಯಲು ಬಿಡುತ್ತಿದ್ದ. ಎಲ್ಲ ಮುಗಿದ ಮೇಲೆ ಒಂದೇ ಪ್ರಶ್ನೆ: “ಸರಿ ಕಣಪ್ಪ, ಈಗ ನಿಂಗೆ ಏನಾಗ್ಬೇಕು?” ಆಮೇಲೆ ಬರೆಯುತ್ತಿದ್ದ. ಬರೆದದ್ದನ್ನು ಗಟ್ಟಿಯಾಗಿ ಎರಡು ಸಲ ಓದುತ್ತಿದ್ದ. ಅರ್ಜಿಯವನಿಗೆ ಓದು ಬಾರದಿದ್ದರೆ ಮೂರನೆಯ ಸಲ ನನ್ನನ್ನು ಕರೆದು ಓದಿಸುತ್ತಿದ್ದ. “ನಾನು ಬರ್ದಿದ್ದ ನಾನೇ ಓದುದ್ರೆ ಏನ್ ಬಂತು? ಇನ್ನೊಬ್ನು ಓದ್ಬೇಕು, ಆಗ ನಂಬ್ಕೆ.” ನನಗೆ ಅಕ್ಷರ ಬಂದದ್ದು ಹೀಗೆ, ಊರವರ ಕಷ್ಟಗಳನ್ನು ಗಟ್ಟಿಯಾಗಿ ಓದಿ. ‘ಮೇಲ್ಕಂಡ’, ಅದೇ ಅರ್ಥದ ‘ಸದರಿ’, ನಾಲ್ಕು ದಿಕ್ಕಿನ ಎಲ್ಲೆ ಹೇಳುವ ‘ಚಕ್ಕುಬಂದಿ’ ಎಂಬ ಮಾತುಗಳನ್ನು ನಾನು ‘ಕಮಲ’, ‘ಬಸವ’ ಎಂಬವಕ್ಕಿಂತ ಮೊದಲು ಕಲಿತೆ.

ಪ್ರತಿ ಕಾಗದದ ಕೊನೆಯಲ್ಲಿ ಒಂದೇ ಮಾತು ಬರುತ್ತಿತ್ತು: ಬಿಕ್ಕಲಂ. ಅದರ ಕೆಳಗೆ ಅವನ ರುಜು. ಒಂದು ದಿನ ಕೇಳಿದೆ.

“ರೈಟ್ರೇ, ಬಿಕ್ಕಲಂ ಅಂದ್ರೇನು?”

“ಕಲಂ ಅಂದ್ರೆ ಪೆನ್ನು ಕನ್ಲಾ. ಈ ಕಾಗ್ದ ಬರ್ದೋನು ಇವ್ನು ಅಂತ. ಪಾರ್ಸಿಯವ್ರು ಬುಟ್ಟೋದ ಮಾತು.”

“ಅದ್ಯಾಕೆ ಬೇಕು? ರುಜು ಮಾಡೋನು ಬ್ಯಾರೆ, ಸಾಕ್ಷಿ ಆಕೋನು ಬ್ಯಾರೆ. ಬರ್ದೋನ್ನ ಯಾರ್ ಕೇಳ್ತಾರೆ?”

ಅವನು ನಕ್ಕ. “ಒಳ್ಗೆ ತಪ್ಪಿದ್ರೆ ನನ್ನ ಇಡ್ಕಳಿ ಅಂತ ಅರ್ಥ ಕನ್ಲಾ, ಸ್ಟೌವು. ನೀನು ಬೆಸ್ಗೆ ಆಕಿದ್ ಟ್ಯಾಂಕಿ ಸೋರುದ್ರೆ ಜನ ಯಾರ ತಾವ್ಕೆ ಬತ್ತಾರೆ? ಅಂಗೆ.”

ಪತ್ರಗಳಿಗೆ ಮಾತ್ರ ಬಿಕ್ಕಲಂ ಹಾಕುವುದು ರೂಢಿ, ಅರ್ಜಿಗೆ ಬೇಕಿಲ್ಲ. ಅವನು ಅರ್ಜಿಗೂ ಹಾಕುತ್ತಿದ್ದ. ಕಚೇರಿಯ ಗುಮಾಸ್ತರು ತಮಾಷೆ ಮಾಡಿದರೂ ಬಿಡಲಿಲ್ಲ. ರುಜುವಿನ ಕೆಳಗೆ ‘ಅರ್ಜಿ ಬರೆಯುವವರು, ಚೌಕದ ಕಲ್ಲು, ಚಾಮರಾಜನಗರ’ ಎಂದು ವಿಳಾಸವನ್ನೂ ಕಾಣಿಸುತ್ತಿದ್ದ.

ಅವನು ತೀರಿಕೊಂಡ ಮೇಲೆ ಮಗಳು ಕಲ್ಲಿನ ಮೇಲೆ ಕೂತಳು. ಹೆಂಗಸು ಹೀಗೆ ಚೌಕದಲ್ಲಿ ಕೂರಬಹುದೆ ಎಂದು ಒಂದಿಷ್ಟು ದಿನ ಮಾತಾಯಿತು. ಆಮೇಲೆ ಮಾತಾಡಿದವರೇ ಪಿಂಚಣಿ ಅರ್ಜಿ ಹಿಡಿದು ಬಂದರು. ಈಗ ಅವಳಿಗೆ ಅರವತ್ತು ದಾಟಿದೆ. ಪಹಣಿ ತಿದ್ದುಪಡಿ, ರೇಷನ್ ಕಾರ್ಡು, ಆಧಾರಿನಲ್ಲಿ ತಪ್ಪಾದ ಹೆಸರು, ಇವು ಇವತ್ತಿನ ಅರ್ಜಿಗಳು. ಮೊಬೈಲಿನಲ್ಲಿ ಬೆರಳಾಡಿಸಲು ಬಾರದವರು ಇನ್ನೂ ಇದ್ದಾರೆ, ಬಂದರೂ ತಮ್ಮ ಕಷ್ಟವನ್ನು ಅದರ ಚೌಕಟ್ಟುಗಳಲ್ಲಿ ತುಂಬಲಾರದವರು ಅದಕ್ಕಿಂತ ಹೆಚ್ಚು ಇದ್ದಾರೆ. ಕೊನೆಯಲ್ಲಿ ಅವಳೂ ಬಿಕ್ಕಲಂ ಹಾಕುತ್ತಾಳೆ.

ಇನ್ನು ಕವಿ ಹುಟ್ಟಿದ ಕಥೆ.

ಗುಂಡ್ಲುಪೇಟೆಯ ಕಡೆಯ ಕನ್ನಡ ಮೇಷ್ಟ್ರೊಬ್ಬರು, ನಿವೃತ್ತರು, ಊರೂರು ಸುತ್ತಿ ಹಳೆಯ ಕಾಗದ ಹುಡುಕುತ್ತಿದ್ದರು. ಮನುಷ್ಯ ಕೆಟ್ಟವರಲ್ಲ. ಅಷ್ಟು ಹೇಳುವುದು ನನ್ನ ಕರ್ತವ್ಯ. ರೈಟ್ರ ಮಗಳು ಅಪ್ಪನ ಮರದ ಪೆಟ್ಟಿಗೆಯನ್ನು ಅವರ ಕೈಗೆ ಕೊಟ್ಟಳು. ಒಳಗೆ ಗೆದ್ದಲು ಹಿಡಿದ ಕಾರ್ಬನ್ ಪ್ರತಿಗಳಿದ್ದವು. ಒಂದು ಹಾಳೆಯಲ್ಲಿ ಮೇಲಿನ ವಿಳಾಸವನ್ನೂ ಕೆಳಗಿನ ರುಜುವನ್ನೂ ಗೆದ್ದಲು ತಿಂದು, ನಡುವಿನ ಒಕ್ಕಣೆಯನ್ನೂ ಬಿಕ್ಕಲಂ ಎಂಬ ಮಾತನ್ನೂ ಉಳಿಸಿತ್ತು. ಮೇಷ್ಟ್ರು ಅದನ್ನು ಸಾಲು ಮುರಿದು ಬರೆದರು; ಸಭೆ ಸೇರಿಸಿ ಕಣ್ಣು ಮುಚ್ಚಿ ಓದಿದರು:

ಸದರಿ ಆನೆಯು ಬಂದು
ಬಾಳೆಯ ತುಳಿದು
ಕಾವಲಿದ್ದ ನನ್ನ ಹೆಂಡತಿಯ ತುಳಿದು
ಬಳೆಯ ಚೂರುಗಳನ್ನು ಬಿಟ್ಟು
ಹೋಗಿರುತ್ತದೆ.

ಬಿಕ್ಕಲಂ ಎಂಬುದು ಅಂಕಿತವಂತೆ. ಕೊನೆಯಲ್ಲಿ ಸೊನ್ನೆ ಇರುವುದರಿಂದ ಹಳಗನ್ನಡವಂತೆ. ಬಿಕ್ಕುವವನು ಬಿಕ್ಕಲನಂತೆ. ಕಾರ್ಬನ್ನಿನ ನೀಲಿಯು ಹಿಂದಿನ ಕಾಲದ ನೀಲಿ ಶಾಯಿಯಂತೆ. ‘ಸದರಿ’ ಎಂಬುದಕ್ಕೆ ಅವರು ಹೇಳಿದ ಅರ್ಥವನ್ನು ನಾನು ಸಾಯುವವರೆಗೂ ಮರೆಯಲಾರೆ. ‘ಸದರ’ ಎಂದರೆ ಸಲುಗೆ. ಆನೆ ಎಂದರೆ ಸಾವು. ಸಾವನ್ನೇ ಸಲುಗೆಯಿಂದ ಕರೆದ ಜಗತ್ತಿನ ಏಕೈಕ ಕವಿ ನಮ್ಮವನು ಎಂದರು. ಸಭೆ ಚಪ್ಪಾಳೆ ತಟ್ಟಿತು. ತಾಲ್ಲೂಕು ಕಚೇರಿಗೆ ಒಮ್ಮೆಯಾದರೂ ಅಲೆದವರು, ಮನೆಯ ಕಾಗದಗಳಲ್ಲಿ ‘ಸದರಿ ಸ್ವತ್ತು’, ‘ಸದರಿ ಜಮೀನು’ ಎಂದು ನೂರು ಸಲ ಕಂಡವರು, ಅವರೂ ತಟ್ಟಿದರು.

ನಾನು ಹಿಂದಿನ ಸಾಲಿನಲ್ಲಿ ಕೂತು ನಕ್ಕೆ. ನಕ್ಕು ಎದ್ದು ಬಂದೆ. ನನ್ನ ತಪ್ಪು ಅದು. ಇಂಥ ಹುಚ್ಚು ತಾನಾಗಿ ಇಳಿಯುತ್ತದೆ ಎಂದುಕೊಂಡೆ. ಅಷ್ಟರಲ್ಲಿ ಚೌಕದ ಹಿರಿಯ ಅಂಗಡಿಯವರು ಸೇರಿ ಒಂದು ಸಮಿತಿ ಕಟ್ಟಿಕೊಂಡರು, ಫಲಕ ಬಂತು. ರೈಟ್ರು ಚೌಕ ಎಂಬ ಹೆಸರೇ ಅವರಿಗೆ ಸಾಕ್ಷಿಯಾಯಿತು: ರೈಟರ್ ಎಂದರೆ ಸಾಹಿತಿ ತಾನೆ? ಹಾಗಾದರೆ ರೈಟ್ರು ಎನಿಸಿಕೊಂಡ ತನ್ನ ಅಪ್ಪ ಯಾರು ಎಂದು ಮಗಳು ಕೇಳಿದ್ದಕ್ಕೆ, “ನಿಮ್ಮ ತಂದೆಯವರು ಕವಿಯ ಓಲೆಗಳನ್ನು ಕಾಪಾಡಿದ ಪುಣ್ಯಾತ್ಮರಮ್ಮ” ಎಂದರಂತೆ. ಜೀವಮಾನವಿಡೀ ಬರೆದವನು ಪೆಟ್ಟಿಗೆ ಕಾದವನಾದ.

ನಾನು ಕುದಿಯುವುದಕ್ಕೆ ಇನ್ನೊಂದು ಕಾರಣವಿದೆ. ಆ ಅರ್ಜಿ ಬರೆದ ದಿನ ನಾನು ಅಲ್ಲಿದ್ದೆ.

ಹಂಗಳದಿಂದ ಬಂದ ರೈತನೊಬ್ಬ. ನನಗಿಂತ ನಾಲ್ಕೈದು ವರ್ಷ ದೊಡ್ಡವನು. ಹೆಂಡತಿಯ ಸಾವಿಗೆ ಪರಿಹಾರ ಕೇಳಿ ಗುಂಡ್ಲುಪೇಟೆಯಲ್ಲಿ ಬರೆಸಿದ್ದ ಅರ್ಜಿ ಎರಡು ಸಲ ವಾಪಸು ಬಂದಿತ್ತು. ಆನೆಯೇ ಕೊಂದಿತೆಂಬುದು ಅದರಲ್ಲಿ ಸ್ಪಷ್ಟವಿಲ್ಲ ಎಂದಿದ್ದರು. ಯಾರೋ ನಮ್ಮ ಚೌಕದ ದಾರಿ ಹೇಳಿ ಕಳಿಸಿದ್ದರು. ಅವನು ಟವಲಿನ ಗಂಟು ಬಿಚ್ಚಿ ಹಸಿರು ಬಳೆಯ ಚೂರುಗಳನ್ನು ಕಲ್ಲಿನ ಮೇಲಿಟ್ಟ. ರೈಟ್ರು ಬಹಳ ಹೊತ್ತು ಅದನ್ನೇ ನೋಡಿದರು. ನನಗೆ ಟೀ ತರಲು ಹೇಳಿದರು. ಟೀ ಆರಿತು, ಯಾರೂ ಕುಡಿಯಲಿಲ್ಲ. ನಾನು, ಆಗಷ್ಟೇ ಓದು ಬಂದ ಉತ್ಸಾಹದಲ್ಲಿ, “ಇವರು ಅತ್ತಿದ್ದನ್ನೂ ಬರೀರಿ ರೈಟ್ರೇ, ಸಾಹೇಬ್ರ ಮನ್ಸು ಕರಗ್ಲಿ” ಎಂದೆ.

“ಅಳು ಅವುಂದು. ಅದ ನಾವ್ ಬರೀಬಾರ್ದು,” ಎಂದರು. “ಆದದ್ದ ಬರಿಯಮ. ಏನ್ ಬಂತು, ಏನ್ ತುಳೀತು, ಏನ್ ಉಳೀತು. ಅಷ್ಟೆ.”

ಅಷ್ಟನ್ನೇ ಬರೆದರು. ಈ ಸಲ ಅರ್ಜಿ ವಾಪಸು ಬರಲಿಲ್ಲ. ಕಣ್ಣೀರಿಗೆ ಕಾಗದದಲ್ಲಿ ಜಾಗ ಕೊಡದ ಆ ಮನುಷ್ಯನ ಕಲ್ಲು ಕಿತ್ತು ಅಲ್ಲಿ ಇವತ್ತು ಬಿಕ್ಕಿ ಬಿಕ್ಕಿ ಅಳುವವನನ್ನು ನಿಲ್ಲಿಸುತ್ತಾರೆ. ಸತ್ತ ಹೆಂಗಸನ್ನು ಅವಳ ಗಂಡನಿಂದ ಕಿತ್ತು ಇಲ್ಲದವನ ಮಡದಿ ಮಾಡುತ್ತಾರೆ. ಅದನ್ನು ಮಕ್ಕಳಿಂದ ಓದಿಸುತ್ತಾರೆ.

ಹೋದ ತಿಂಗಳು ಪ್ರತಿಮೆ ಲಾರಿಯಲ್ಲಿ ಬಂತು. ನೀಲಿ ಟಾರ್ಪಾಲು ಸುತ್ತಿ ಗೋಡೆಗೆ ಮುಖ ಮಾಡಿ ನಿಲ್ಲಿಸಿದರು. ಆವತ್ತೇ ಸಮಿತಿಯ ಅಧ್ಯಕ್ಷರು, ಪಾತ್ರೆ ಅಂಗಡಿಯವರು, ರೈಟ್ರ ಮಗಳ ಬಳಿ ಬಂದು ಹದಿನೈದು ದಿನದಲ್ಲಿ ಕಲ್ಲು ಕೀಳುತ್ತೇವೆ ಎಂದರು. ಅವಳು ನನ್ನ ಅಂಗಡಿಗೆ ಬಂದು ಕೂತಳು. ಸ್ಟೌಗಳ ಕಾಲ ಮುಗಿದು ವರ್ಷಗಳಾದವು. ಬಾಗಿಲು ಮಾತ್ರ ನಾನು ದಿನವೂ ತೆಗೆಯುತ್ತೇನೆ.

“ಓಗ್ಲಿ ಬುಡಣ್ಣ,” ಎಂದಳು. “ಪೆಟ್ಗೆ ಕೊಟ್ಟೋಳು ನಾನೇ. ಯಾರ್ನ ಅಂತ ಬೈಲಿ? ಬಸ್‌ಸ್ಟ್ಯಾಂಡಲ್ಲಿ ಒಂದ್ ಟೇಬಲ್ ಆಕ್ಕೊತೀನಿ.”

“ಬಸ್‌ಸ್ಟ್ಯಾಂಡಲ್ಲಿ ಕೂತ್ರೆ ಬಿಕ್ಕಲಂ ಕೆಳ್ಗೆ ಏನಂತ ಬರ್ದಿಯೆ? ಚೌಕದ ಕಲ್ಲು ಅಂತನಾ, ಬಾಳೆಹಣ್ಣಿನ ಗಾಡಿ ಪಕ್ಕ ಅಂತನಾ?”

ಅವಳು ನಗಲು ಹೋದಳು. ಆಗಲಿಲ್ಲ. “ಅಪ್ಪ ಬರ್ದಿದ್ ಒಂದಾದ್ರೂ ಪೂರ್ತಿ ಕಾಗ್ದ ನಂತಾವು ಇಲ್ವಲ್ಲಣ್ಣ. ಎಲ್ಲ ಗೆದ್ಲು ತಿಂದದ್ದು.”

ನಾನು ಸಮಿತಿಯ ಸಭೆಗೆ ಹೋದೆ. ಪಾತ್ರೆ ಅಂಗಡಿಯ ಮಹಡಿಯ ಮೇಲೆ, ಮಧ್ಯಾಹ್ನ. ನನ್ನ ಸ್ವಂತ ಮನೆಯ ಕ್ರಯಪತ್ರವನ್ನೂ ಬೇರೆ ಊರಿನ ನೆಂಟರ ಎರಡು ಪತ್ರಗಳನ್ನೂ ಒಯ್ದು ಮೇಜಿನ ಮೇಲೆ ಹರಡಿದೆ. ಮೂರೂ ಬೇರೆ ಬೇರೆ ಊರಲ್ಲಿ, ಬೇರೆ ಬೇರೆಯವರ ಕೈಯಲ್ಲಿ ಬರೆಸಿದವು. ಮೂರರ ಕೊನೆಯಲ್ಲೂ ಬಿಕ್ಕಲಂ.

“ಮೇಷ್ಟ್ರೇ, ನನ್ನ ಕಕ್ಕಸು ಕೋಣೆಯ ಚಕ್ಕುಬಂದಿಯನ್ನೂ ನಿಮ್ಮ ಕವಿಯೇ ಬರೆದನೋ?” ಎಂದು ಕೇಳಿದೆ.

ಮೇಷ್ಟ್ರು ಕನ್ನಡಕ ಒರೆಸಿಕೊಂಡರು. “ಯಜಮಾನ್ರೇ, ಜನಪ್ರಿಯ ಕವಿಯ ಅಂಕಿತವನ್ನು ಆಮೇಲೆ ಪತ್ರ ಬರೆಯುವವರು ಗೌರವದಿಂದ ಬಳಸಿರಬಹುದಲ್ಲವೆ?”

“‘ಹೋಗಿರುತ್ತದೆ’ ಅಂತ ಹಾಡು ಮುಗಿಸುವ ಕವಿ ಇದ್ದಾನೆಯೆ? ಅದು ಅರ್ಜಿಯ ಕ್ರಿಯಾಪದ. ಆ ಅರ್ಜಿಯನ್ನು ನಾನು ಓದಿದ್ದೇನೆ, ಬರೆದ ದಿನವೇ, ಗಟ್ಟಿಯಾಗಿ.”

“ನಿಮ್ಮ ನೆನಪನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನೆನಪು ದಾಖಲೆಯಲ್ಲ.”

ಈ ಮಾತು ನನಗೆ ಚುಚ್ಚಿತು. ಏಕೆಂದರೆ ಅದು ಸರಿಯಾದ ಮಾತು. ಅದನ್ನು ನಾನೇ ಹೇಳುತ್ತ ಬಂದವನು. ಅಧ್ಯಕ್ಷರು ಮಾತ್ರ ಸುತ್ತುಬಳಸು ಇಲ್ಲದೆ ಹೇಳಿದರು: “ಅಯ್ಯೋ, ಬುಡಿ ಸ್ಟೌ ಅಣ್ಣ. ಊರಿಗೊಬ್ಬ ಕವಿ ಇದ್ರೆ ನಿಮಗೇನು ಉರಿ? ಅರ್ಜಿ ಬರ್ಯೋರ ಪ್ರತಿಮೆ ಯಾವೂರಲ್ಲಿ ನಿಲ್ಸವ್ರೆ ಹೇಳಿ ನೋಡಮ.”

“ಪ್ರತಿಮೆ ಯಾರಿಗೆ ಬೇಕು? ಕಲ್ಲು ಬಿಡಿ ಅಂತ ಕೇಳುತ್ತಿರುವುದು,” ಎಂದೆ. “ಒಂದು ಕೆಲಸ ಮಾಡಿ. ನಿಮ್ಮ ಫಲಕದ ಕೆಳಗೆ ಬಿಕ್ಕಲಂ ಹಾಕಿ ನಿಮ್ಮಲ್ಲಿ ಒಬ್ಬರು ರುಜು ಮಾಡಿ. ತಪ್ಪಿದ್ದರೆ ಯಾರನ್ನು ಹಿಡಿಯಬೇಕು ಅಂತ ನಮಗೂ ತಿಳಿಯಲಿ.”

ರುಜು ಮಾಡುತ್ತೇನೆ ಎಂದು ಯಾರೂ ಮುಂದೆ ಬರಲಿಲ್ಲ.

ಮಾರನೆಯ ಬೆಳಿಗ್ಗೆ ಗುಂಡ್ಲುಪೇಟೆ ಬಸ್ಸು ಹತ್ತಿ, ಅಲ್ಲಿಂದ ಹಂಗಳಕ್ಕೆ ಹೋದೆ. ಹೆಸರು ನನಗೆ ನೆನಪಿರಲಿಲ್ಲ. ಹೋಟೆಲಿನವನನ್ನು, ಹಿಂದೆ ಆನೆ ತುಳಿದು ಹೆಂಡತಿಯನ್ನು ಕಳೆದುಕೊಂಡವರು ಯಾರಾದರೂ ಇದ್ದಾರೆಯೆ ಎಂದು ಕೇಳಲು ನಾಚಿಕೆಯಾಯಿತು, ಆದರೂ ಕೇಳಿದೆ. ಅವನು ಯೋಚಿಸದೆ ಮನೆ ತೋರಿಸಿದ. ಅಂಗಳದಲ್ಲಿ ಚೆಂಡುಹೂವಿನ ಚೀಲಗಳ ನಡುವೆ ಎಂಬತ್ತು ದಾಟಿದ ಮುದುಕ ಕೂತಿದ್ದ. ಅವನು ನನ್ನನ್ನು ಗುರುತಿಸಲಿಲ್ಲ. ಟೀ ತಂದವನು ನಾನೇ ಎಂದಾಗ ನನ್ನ ಮುಖವನ್ನು ಹತ್ತಿರದಿಂದ ನೋಡಿ, “ಆರೋಗಿದ್ ಟೀ,” ಎಂದ.

ಫಲಕದ ಸಂಗತಿ ಹೇಳಿದೆ. ಎರಡು ಸಲ ಹೇಳಬೇಕಾಯಿತು, ಕಿವಿ ಮಂದ. ಮೊದಲು ಅವನಿಗೆ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಒಳಗೆ ಹೋಗಿ ಟ್ರಂಕಿನಿಂದ ಪ್ಲಾಸ್ಟಿಕ್ ಕವರೊಂದನ್ನು ತಂದ. ಮಡಿಕೆಗಳಲ್ಲಿ ಹರಿಯುವಂತಾಗಿದ್ದ ಒಂದು ಹಾಳೆ, ಅರ್ಜಿದಾರನಿಗೆ ಉಳಿಯುವ ಪ್ರತಿ. ಮೇಲೆ ಯಾರಿಗೆ ಬರೆದದ್ದು ಎಂಬುದು, ನಡುವೆ ಸದರಿ ಆನೆ, ಪಕ್ಕದಲ್ಲಿ ಕಚೇರಿಯ ಸ್ವೀಕೃತಿಯ ಮೊಹರು, ಕೆಳಗೆ ಅವನ ಹೆಬ್ಬೆಟ್ಟು. ಅದರ ಕೆಳಗೆ ಬಿಕ್ಕಲಂ. ಅದರ ಕೆಳಗೆ ರೈಟ್ರ ಪೂರ್ತಿ ಹೆಸರು, ರುಜು, ‘ಅರ್ಜಿ ಬರೆಯುವವರು, ಚೌಕದ ಕಲ್ಲು, ಚಾಮರಾಜನಗರ’.

“ಇದ ಕೊಡು ಅಂತ ಕೇಳ್ಬ್ಯಾಡ ಕಣಪ್ಪ,” ಎಂದ. “ನಾನೇ ಬತ್ತೀನಿ.”

ಬಂದ. ಮೊಮ್ಮಗಳು ಬಸ್ಸಿನಲ್ಲಿ ಕರೆತಂದಳು. ಅವನು ನೇರ ಹೋಗಿ ಕಲ್ಲಿನ ಅಂಚಿನಲ್ಲಿ, ಹಿಂದೆ ಕೂತಿದ್ದ ಕಡೆಯೇ, ಕೂತ. ಅಧ್ಯಕ್ಷರೂ ಮೇಷ್ಟ್ರೂ ಬಂದರು. ಮೇಷ್ಟ್ರು ಹಾಳೆಯನ್ನು ಕೈಗೆ ತೆಗೆದುಕೊಂಡು ಓದಿದರು, ಇನ್ನೊಮ್ಮೆ ಓದಿದರು. ಈ ಸಲ ಕಣ್ಣು ಮುಚ್ಚಲಿಲ್ಲ. ಅಧ್ಯಕ್ಷರು ಮುದುಕನಿಗೆ ಸಮಾಧಾನ ಹೇಳಲು ಹೋದರು. “ನಿಮ್ಮ ಸಂಕಟನೇ ಕವಿ ಹಾಡಾಗ್ಯದೆ ಅಂತ ತಿಳ್ಕಳಿ ಯಜಮಾನ್ರೇ. ಅದೂ ಒಂದ್ ಪುಣ್ಯ ಅಲ್ವಾ?”

“ಅವ್ಳು ನನ್ನೆಂಡ್ರು ಕಣಪ್ಪ,” ಎಂದ ಮುದುಕ. “ಯಾವ ಕವಿ ಎಂಡ್ರೂ ಅಲ್ಲ. ಅವ್ಳ ಗಂಡ ನಾನು ಇನ್ನೂ ಬದ್ಕಿವ್ನಿ.”

ರೈಟ್ರ ಮಗಳು ಅಷ್ಟರಲ್ಲಿ ಪೆನ್ನಿನ ಟೋಪಿ ತೆಗೆದಿದ್ದಳು. “ತಾತ, ಈಗ ನಿಂಗೆ ಏನಾಗ್ಬೇಕು?” ಎಂದು ಕೇಳಿದಳು. ಮುದುಕ ಎರಡು ಕೇಳಿದ: ಫಲಕದಿಂದ ಹೆಂಡತಿಯನ್ನು ತೆಗೆಯಬೇಕು, ಕಲ್ಲು ಇದ್ದಲ್ಲೇ ಇರಬೇಕು. ಅವಳು ಅಷ್ಟನ್ನೇ ಬರೆದಳು. ಎರಡು ಸಲ ಓದಿದಳು. ಮೂರನೆಯ ಸಲ ನನ್ನ ಕೈಗೆ ಕೊಟ್ಟಳು. ಐವತ್ತೈದು ವರ್ಷಗಳಾದ ಮೇಲೆ ನಾನು ಅವನ ಅರ್ಜಿಯನ್ನು ಅವನಿಗೆ ಮತ್ತೆ ಓದಿದೆ. ಮುದುಕ ಹೆಬ್ಬೆಟ್ಟು ಒತ್ತಿದ. ಅವಳು ಕೆಳಗೆ ಬಿಕ್ಕಲಂ ಎಂದು ಬರೆದು ತನ್ನ ಹೆಸರು ಹಾಕಿದಳು. ಮೇಷ್ಟ್ರು ನೋಡುತ್ತ ನಿಂತಿದ್ದರು. ಆಮೇಲೆ, ಯಾರೂ ಕೇಳದೆಯೇ, ಸಾಕ್ಷಿಯ ಜಾಗದಲ್ಲಿ ರುಜು ಮಾಡಿದರು. ಅದನ್ನೂ ಹೇಳುವುದು ನನ್ನ ಕರ್ತವ್ಯ.

ಆ ಅರ್ಜಿ ಕಚೇರಿ ಸೇರಿದೆ, ಮೊಹರು ಬಿದ್ದಿದೆ. ಉತ್ತರ ಬಂದಿಲ್ಲ. ಫಲಕ ಗೋಡೆಯ ಮೇಲೆ ಹಾಗೆಯೇ ಇದೆ. ಹೇಳಿದ ಹದಿನೈದು ದಿನ ಕಳೆದರೂ ಕಲ್ಲಿಗೆ ಯಾರೂ ಹಾರೆ ಹಾಕಿಲ್ಲ. ಅವಳು ದಿನವೂ ಅದರ ಮೇಲೆ ಕೂರುತ್ತಾಳೆ. ಟಾರ್ಪಾಲಿನೊಳಗಿನ ಕವಿ ಗೋಡೆಗೆ ಮುಖ ಮಾಡಿಯೇ ನಿಂತಿದ್ದಾನೆ.

ರೈಟ್ರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಅಚ್ಚಾದದ್ದನ್ನು ಓದಿ ನಂಬಿ ನಂಬಿಯೇ ಊರು ಈ ಗತಿಗೆ ಬಂದಿದೆ. ನನ್ನನ್ನೂ ಹಾಗೆ ನಂಬಬೇಡಿ. ಗುಂಡ್ಲುಪೇಟೆಯಿಂದ ಬಂಡೀಪುರದ ಕಡೆ ಹೋಗುವ ಬಸ್ಸು ಹತ್ತಿ ಹಂಗಳದಲ್ಲಿ ಇಳಿಯಿರಿ. ಹೋಟೆಲಿನವನು ಮನೆ ತೋರಿಸುತ್ತಾನೆ. ಸ್ವಲ್ಪ ಗಟ್ಟಿಯಾಗಿ ಮಾತಾಡಿ. ಮುದುಕ ಟ್ರಂಕು ತೆಗೆದು ಆ ಹಾಳೆ ತೋರಿಸುತ್ತಾನೆ, ಕೈಗೆ ಕೊಡುತ್ತಾನೆ, ಓದಿದ ಮೇಲೆ ವಾಪಸು ಇಸಿದುಕೊಳ್ಳುತ್ತಾನೆ. ಹೆಸರು ಬಿಕ್ಕಲಂ ಎಂಬ ಮಾತಿನ ಕೆಳಗಿದೆ.